‘ಪ್ರೋಸೆಸ್ ಲಾಟ್’ ಅಂತ ಬರೆದು ಕೆಟ್ಟೆ: ಏಜೆಂಟ್‌ಗೆ ಟೂಲ್ ಕೊಡುವವರು ಒಮ್ಮೆ ಓದಿ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾನು ಎಐ ಏಜೆಂಟ್ ಮಾಡಿಕೊಟ್ಟಿದ್ದೆ. ಒಣದ್ರಾಕ್ಷಿ ಇಡುವ ಜಾಗ ಅದು. ಸೀಸನ್ ಬಂದರೆ ತಿಕೋಟಾ, ಬಬಲೇಶ್ವರ ಕಡೆಯಿಂದ ಮಾಲು ಬಂದು ಬೀಳುತ್ತದೆ, ಆಮೇಲೆ ತಿಂಗಳುಗಟ್ಟಲೆ ರೈತರ ಫೋನು: ನಮ್ಮ ಬಾಕ್ಸ್ ಎಷ್ಟಿವೆ, ಬಾಡಿಗೆ ಎಷ್ಟಾಯಿತು, ನಾಳೆ ಗಾಡಿ ಕಳಿಸಲಾ. ಉತ್ತರ ಹೇಳಿ ಹೇಳಿ ಲೆಕ್ಕ ಬರೆಯುವ ದಿವಾನಜಿಗೆ ಸಾಕಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಏಜೆಂಟೇ ಹೇಳಲಿ ಅಂತ ಸಾವಕಾರರ ಆಸೆ. ನನಗೂ ಸಣ್ಣ ಕೆಲಸ ಅನ್ನಿಸಿತು. ಮೂರು ಟೂಲ್ (ಏಜೆಂಟ್ ತಾನೇ ಕರೆದು ಕೆಲಸ ಮಾಡಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಬರೆದು ನಾಲ್ಕೇ ದಿನದಲ್ಲಿ ಚಾಲೂ ಮಾಡಿದೆ.

ಒಂಬತ್ತನೇ ದಿನ ಎಡವಟ್ಟಾಯಿತು.

ಒಬ್ಬ ರೈತರು “40 ಬಾಕ್ಸ್ ತಗದ್ರ ಬಾಡಿಗಿ ಎಷ್ಟ ಆಗ್ತದ್ರೀ?” ಅಂತ ಕೇಳಿದರು. ಕೇಳಿದ್ದು ಲೆಕ್ಕ ಅಷ್ಟೇ. ಏಜೆಂಟ್ ಬಾಡಿಗೆ ಹೇಳಿತು, ಯಾರೂ ಕೇಳದ ಗೇಟ್‌ಪಾಸ್ ಮಾಡಿತು, ಮಾಲು ಹೊರಗೆ ಹೋಯಿತು ಅಂತ ಪುಸ್ತಕದಲ್ಲಿ ಕಳೆದೂ ಬಿಟ್ಟಿತು. ಎಷ್ಟು ಕಳೆಯಿತು ಗೊತ್ತಾ? 40 ಕೆಜಿ. ಅಲ್ಲಿ ಬಾಕ್ಸ್ ಒಂದಕ್ಕೆ 15 ಕೆಜಿ, 40 ಬಾಕ್ಸ್ ಅಂದರೆ 600 ಕೆಜಿ. ಮಾಡಬಾರದ ಕೆಲಸ ಮಾಡಿತ್ತು, ಅದನ್ನೂ ನೆಟ್ಟಗೆ ಮಾಡಿರಲಿಲ್ಲ.

“ನಾ ಹೇಳ್ಲಾರದ ನಮ್ಮ ಮಾಲು ಹ್ಯಾಂಗ ಬಿಟ್ರಿ?” ಅಂತ ಆ ರೈತರು ಸಾವಕಾರರ ಮೇಲೆ ಹರಿಹಾಯ್ದರು, ಸಾವಕಾರರು ನನ್ನ ಮೇಲೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. 600 ಕೆಜಿ ಹಿಂದೆ ಹತ್ತಿರ ಹತ್ತಿರ ಎರಡೂವರೆ ಟನ್ ದ್ರಾಕ್ಷಿ ಇದೆ. ಅವರ ಸಿಟ್ಟು ಜಾಸ್ತಿ ಅಂತ ನನಗೇನೂ ಅನ್ನಿಸಲಿಲ್ಲ. ಪುಣ್ಯಕ್ಕೆ ಮಾಲು ಒಳಗೇ ಇತ್ತು, ಪುಸ್ತಕ ಮಾತ್ರ ಕೆಟ್ಟಿತ್ತು.

ಆಮೇಲೆ ನಾನು ಮಾಡಿದ್ದನ್ನು ನೀವು ಮಾಡಬೇಡಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಮಾಡೆಲ್‌ಗೆ, ಅಂದರೆ ಏಜೆಂಟ್‌ನ ತಲೆಯಾದ ಎಐಗೆ, ಬೈದೆ. ಅಗ್ಗದ ಮಾಡೆಲ್ ಇರಬೇಕು ಅಂತ ದುಬಾರಿಯದಕ್ಕೆ ಬದಲಾಯಿಸಿದೆ. ಎರಡೇ ದಿನದಲ್ಲಿ ಅದೂ ಅದೇ ಕೆಲಸ ಮಾಡಿತು. ಆಮೇಲೆ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಟ್ಟಿಡುವ ಸೂಚನೆ) “ಬಾಡಿಗೆ ಕೇಳಿದರೆ ಗೇಟ್‌ಪಾಸ್ ಕೊಡಲೇಬೇಡ” ಅಂತ ಮೂರು ಸಲ ಬರೆದೆ. ಈಗ ಅದು ಹೆದರಿಕೊಂಡಿತೋ ಏನೋ, ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ನಿಜವಾಗಿ ಗೇಟ್‌ಪಾಸ್ ಕೇಳಿದವರಿಗೂ ಆಗುವುದಿಲ್ಲ ಅನ್ನತೊಡಗಿತು. ಎರಡು ವಾರ ಹೀಗೇ ಹೋಯಿತು.

ಕೊನೆಗೆ ದಾರಿ ತೋರಿಸಿದ್ದು ದಿವಾನಜಿ. ಬೇಜಾರಿನಲ್ಲಿ ಟೂಲ್‌ಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟು, ರೈತರು ಹಿಂಗೆ ಕೇಳಿದರೆ ನೀವಾದರೆ ಯಾವುದನ್ನು ಒತ್ತುತ್ತೀರಿ ಅಂತ ಕೇಳಿದೆ. ಕನ್ನಡಕ ಏರಿಸಿ ಓದಿದರು. ಹೆಸರು: ‘ಪ್ರೋಸೆಸ್ ಲಾಟ್’ (ಲಾಟ್ ಅಂದರೆ ಒಂದು ರಸೀದಿಯ ಮಾಲು). ವಿವರಣೆ: ‘ಲಾಟ್‌ನ ಬಾಡಿಗೆ ಲೆಕ್ಕ ಹಾಕಿ ಪ್ರೋಸೆಸ್ ಮಾಡುತ್ತದೆ’. ಕೆಳಗೆ ತುಂಬಬೇಕಾದದ್ದು ಎರಡು, ‘ಐಡಿ’ ಮತ್ತು ‘ಕ್ವಾಂಟಿಟಿ’. “ಬಾಡಿಗಿ ಅಂತ ಬರದೀರಿ, ಹಂಗಾರ ಇದನ್ನೇ ಒತ್ತತೀನಿ. ಪ್ರೋಸೆಸ್ ಅಂದ್ರೇನ್ರೀ? ಕ್ವಾಂಟಿಟಿ ಕಿಲೋನೋ ಬಾಕ್ಸೋ?”

ಮೂವತ್ತು ವರ್ಷ ಲೆಕ್ಕ ಬರೆದವರಿಗೇ ತಿಳಿಯದ್ದು ಮಾಡೆಲ್‌ಗೆ ಹೇಗೆ ತಿಳಿಯಬೇಕು, ಅಲ್ವಾ? ಆ ಟೂಲ್ ಬಾಡಿಗೆ ಲೆಕ್ಕದ ಜೊತೆ ಗೇಟ್‌ಪಾಸನ್ನೂ ಕೊಡುತ್ತದೆ ಅನ್ನುವುದು ನನ್ನ ಕೋಡ್‌ನಲ್ಲಿತ್ತು, ನನ್ನ ತಲೆಯಲ್ಲಿತ್ತು. ಮಾಡೆಲ್ ಕೋಡ್ ನೋಡುವುದೇ ಇಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ತುಂಬಬೇಕಾದವುಗಳ) ಪಟ್ಟಿ, ಅಷ್ಟೇ. ಅಷ್ಟರಲ್ಲೇ ಆರಿಸಬೇಕು, ಅಷ್ಟರಲ್ಲೇ ತುಂಬಬೇಕು.

ಇಷ್ಟು ಚಿಕ್ಕದಾಗಿ ಯಾಕೆ ಬರೆದೆ ಅಂದರೆ ಜಿಪುಣತನ. ಪ್ರತಿ ಪ್ರಶ್ನೆಯ ಜೊತೆಗೂ ಎಲ್ಲ ಟೂಲ್‌ಗಳ ವಿವರಣೆ ಹೋಗುತ್ತದೆ, ಅದಕ್ಕೂ ಟೋಕನ್ (ಪದಗಳ ತುಣುಕು) ಲೆಕ್ಕದಲ್ಲಿ ದುಡ್ಡು ಬೀಳುತ್ತದೆ. ಉಳಿಸೋಣ ಅಂತ ಒಂದೇ ಸಾಲು ಬರೆದೆ. ಕ್ಲಾಡ್ ಅನ್ನುವ ಮಾಡೆಲ್ ಮಾಡುವ ಆಂಥ್ರಾಪಿಕ್‌ನವರ ಕೈಪಿಡಿಯಲ್ಲಿ ಒಂದೊಂದು ಟೂಲ್‌ಗೆ ಕನಿಷ್ಠ ಮೂರು ನಾಲ್ಕು ವಾಕ್ಯ ಬರೆಯಿರಿ ಅಂತಲೇ ಇದೆ, ನಾನದನ್ನು ಓದಿದ್ದು ಪೆಟ್ಟು ತಿಂದ ಮೇಲೆ. ಉಳಿಸಿದ ದುಡ್ಡು ದಿನಕ್ಕೆ ಒಂದು ಚಹಾದ್ದೂ ಇರಲಿಲ್ಲ.

ಆವತ್ತೇ ಟೂಲ್ ಒಡೆದು ಎರಡು ಮಾಡಿದೆ. ಬಾಡಿಗೆಯದು ಈಗ ಹೀಗಿದೆ: ‘ಒಂದು ಲಾಟ್‌ನ ಇವತ್ತಿನವರೆಗಿನ ಬಾಡಿಗೆಯನ್ನು ಲೆಕ್ಕ ಹಾಕಿ ತೋರಿಸುತ್ತದೆ. ಬರೀ ನೋಡಲು, ಪುಸ್ತಕದಲ್ಲಿ ಏನೂ ಬದಲಾಗುವುದಿಲ್ಲ. ರೈತರು ಬಾಡಿಗೆ ಎಷ್ಟು, ಮಾಲು ತೆಗೆದರೆ ಎಷ್ಟಾಗುತ್ತದೆ ಅಂತ ಕೇಳಿದಾಗ ಬಳಸಿ. ಮಾಲು ಹೊರಗೆ ಬಿಡಲು ಇದು ಬೇಡ, ಅದಕ್ಕೆ ಗೇಟ್‌ಪಾಸ್ ಟೂಲ್ ಇದೆ.’ ರೈತರು ಆಡುವ ಮಾತನ್ನೇ ಒಳಗೆ ಹಾಕಿದ್ದು ನೋಡಿ. ‘ಕ್ವಾಂಟಿಟಿ’ ಹೋಗಿ ‘ಬಾಕ್ಸ್ ಸಂಖ್ಯೆ’ ಆಯಿತು, ಕೆಜಿಗೆ ತಿರುಗಿಸುವ ಕೆಲಸ ಕೋಡ್‌ಗೆ ಬಿಟ್ಟೆ. ‘ಐಡಿ’ದು ಬೇರೆಯೇ ಕಥೆ. ಯಾವ ಐಡಿ ಅಂತ ಬರೆಯದೇ ಇದ್ದದ್ದಕ್ಕೆ ಮಾಡೆಲ್ ಒಮ್ಮೊಮ್ಮೆ ರೈತರ ಫೋನ್ ನಂಬರನ್ನೇ ತುಂಬುತ್ತಿತ್ತು, ನನ್ನ ಕೋಡ್ ‘ಎರರ್’ ಅಂತ ಒಂದೇ ಪದ ವಾಪಸ್ ಕೊಡುತ್ತಿತ್ತು, ಅದು ಮತ್ತೆ ಅದೇ ನಂಬರ್ ಕಳಿಸುತ್ತಿತ್ತು. ಈಗ ಕೋಡ್ ‘ರಸೀದಿಯ ಮೇಲಿನ ಆರಂಕಿ ಲಾಟ್ ನಂಬರ್ ಬೇಕು, ನೀವು ಕಳಿಸಿದ್ದರಲ್ಲಿ ಹತ್ತು ಅಂಕಿ ಇವೆ, ಲಾಟ್ ನಂಬರ್ ರೈತರನ್ನೇ ಕೇಳಿ’ ಅನ್ನುತ್ತದೆ. ಮಾಡೆಲ್ ಹಾಗೇ ಕೇಳುತ್ತದೆ.

ಆದರೆ ವಿವರಣೆ ಚೆನ್ನಾಗಿ ಬರೆದೆ ಅಂತ ಸುಮ್ನೆ ಕೂರಬೇಡಿ. ಎಂಸಿಪಿ (ಏಜೆಂಟ್‌ಗೆ ಟೂಲ್ ಜೋಡಿಸುವ ಒಂದು ಪದ್ಧತಿ) ಬಳಸುವವರಿಗೆ ಗೊತ್ತಿರುತ್ತದೆ, 2024ರ ನವೆಂಬರ್‌ನಲ್ಲಿ ಬಂದ ಆ ಪದ್ಧತಿಯಲ್ಲಿ ಈಗ ‘ಈ ಟೂಲ್ ಬರೀ ಓದುತ್ತದೆ’, ‘ಇದು ಹಾಳು ಮಾಡಬಹುದು’ ಅಂತ ಗುರುತು ಹಾಕಲು ಜಾಗವಿದೆ. ಹಾಕಿ. ಆದರೆ ಆ ಗುರುತುಗಳ ಹೆಸರಲ್ಲೇ ‘ಹಿಂಟ್’ ಅಂತ ಇದೆ, ಬರೀ ಸುಳಿವು. ಬಾಗಿಲಿಗೆ ಬರೆದ ಬೋರ್ಡು ಅದು, ಬೀಗ ಬೇರೆ ಬೇಕು. ನನ್ನ ಗೇಟ್‌ಪಾಸ್ ಟೂಲ್ ಈಗ ದಿವಾನಜಿ ತಮ್ಮ ಫೋನಿನಲ್ಲಿ ‘ಹೂಂ’ ಒತ್ತದೇ ಮುಂದೆ ಹೋಗುವುದಿಲ್ಲ. ಅದನ್ನು ಕೋಡ್‌ನಲ್ಲೇ ಹಾಕಿದ್ದೇನೆ, ಮಾಡೆಲ್ ಏನೇ ಅಂದುಕೊಳ್ಳಲಿ.

ಹೊಸ ಟೂಲ್ ಬರೆದಾಗಲೆಲ್ಲ ಈಗ ಪ್ರಿಂಟ್ ತೆಗೆದು ದಿವಾನಜಿ ಮುಂದೆ ಇಡುತ್ತೇನೆ. ಅವರು ಕಿಲೋನೋ ಬಾಕ್ಸೋ ಅಂತ ಕೇಳಿದರೆ ತಿದ್ದುತ್ತೇನೆ. ಆ 40 ಬಾಕ್ಸಿನ ರೈತರು ಮಾತ್ರ ಇನ್ನೂ ವಾಟ್ಸ್‌ಆ್ಯಪ್‌ನಲ್ಲಿ ಏನೂ ಕೇಳುವುದಿಲ್ಲ, ನೇರ ದಿವಾನಜಿಗೇ ಫೋನ್ ಮಾಡುತ್ತಾರೆ.