ಆರನೆಯ ತೊಲೆಯ ಹಿಟ್ಟು: ನಡುಮನೆಗೆ ಹಳೆಮರ ಹಾಕಿಸಿ ಐದು ವರ್ಷ

ನಮ್ಮ ಮನೆಗೆ ಬಂದವರಿಗೆಲ್ಲ ಎರಡು ವರ್ಷ ಒಂದೇ ಮಾತು ಹೇಳಿದ್ದೇನೆ: ಸೋಫಾದ ಎಡತುದಿಯಲ್ಲಿ ಕುಳಿತು ಕಾಫಿ ಕುಡಿಯಬೇಡಿ. ಅಲ್ಲಿ ತಲೆಯ ಮೇಲಿನ ತೊಲೆಯಿಂದ ಮೈದಾಹಿಟ್ಟಿನಂತೆ ನುಣ್ಣಗಿನ, ತಿಳಿಹಳದಿ ಪುಡಿ ಸದ್ದಿಲ್ಲದೆ ಇಳಿಯುತ್ತಿತ್ತು. ಕಾಫಿಯ ನೊರೆಯ ಮೇಲೆ ಕುಳಿತರೆ ಶುಂಠಿಪುಡಿ ಉದುರಿಸಿದ ಹಾಗೆ ಕಾಣುತ್ತಿತ್ತು. ನಮ್ಮ ದೊಡ್ಡ ನಾದಿನಿ ಹಾಗೆಂದೇ ತಿಳಿದು ಒಂದು ಲೋಟ ಪೂರ್ತಿ ಕುಡಿದರು. ನಾನು ಬಾಯಿ ಬಿಡಲಿಲ್ಲ.

ಸಾಗರದಲ್ಲಿ ನಾವು ಕಟ್ಟಿಸಿದ ಮನೆಯ ನಕ್ಷೆಯಲ್ಲಿ ಎಂಜಿನಿಯರ್ ‘ಫ್ಯಾಮಿಲಿ ರೂಮ್’ ಎಂದು ಬರೆದ ಕೋಣೆಯನ್ನು ಅತ್ತೆಯವರು ಮೊದಲ ದಿನದಿಂದಲೂ ನಡುಮನೆ ಎನ್ನುತ್ತಾರೆ. ಮೇಲೆ ಎಲ್ಲರ ಮನೆಯಂತೆ ಕಾಂಕ್ರೀಟ್ ಸ್ಲ್ಯಾಬ್. ಅದರ ಅಡಿಗೆ ಆರು ಹಳೆಯ ತೊಲೆಗಳನ್ನು ಬೋಲ್ಟ್ ಹಾಕಿ ಬಿಗಿಸಿದ್ದೇವೆ. ಮರ, ಸಾಗಾಣಿಕೆ, ಕೂಲಿ ಎಲ್ಲ ಸೇರಿ 84,000 ರೂಪಾಯಿ. ಅಡುಗೆಮನೆಯ ಕಪಾಟಿಗೆಂದು ಎತ್ತಿಟ್ಟಿದ್ದ ದುಡ್ಡು ಅದು. ಕಪಾಟಿಗೆ ಬಾಗಿಲು ಬಂದದ್ದು ಮರುವರ್ಷ. ಇಂಥ ಸೂರಿನ ಚಿತ್ರಗಳನ್ನು ನೀವೂ ಮೊಬೈಲಿನಲ್ಲಿ ಸಾಕಷ್ಟು ನೋಡಿರುತ್ತೀರಿ, ಅದನ್ನು ವರ್ಣಿಸುವುದಿಲ್ಲ.

ತೊಲೆಗಳು ಲಾರಿಯಿಂದ ಇಳಿದ ದಿನ ಅತ್ತೆ ಜಗಲಿಯಲ್ಲಿ ನಿಂತು ನೋಡಿದರು. “ಹೊರೆ ಹೊರದ ತೊಲೆಗೆ ಇಷ್ಟು ದುಡ್ಡೇ? ಮನೆಯಲ್ಲಿ ಸುಮ್ಮನೆ ಕೂರುವವರು ಮೊದಲೇ ಇದ್ದರಲ್ಲ” ಎಂದರು. ನನ್ನ ಗಂಡ ಪೇಪರ್ ಮಡಿಸಿಟ್ಟು ಎದ್ದು ಹೋದರು.

ಮರ ಕೊಟ್ಟದ್ದು ಹಳೆಯ ಮನೆಗಳ ಸಾಮಾನು ಮಾರುವ ಒಂದು ಅಂಗಡಿ. ಆರೂ ಒಂದೇ ಮನೆಯವು, ಹಲಸಿನವು, ಶರಾವತಿ ಮುಳುಗಡೆಯ ಕಾಲದಲ್ಲಿ ಬಿಚ್ಚಿ ತಂದವು ಎಂದು ಆತ ಹೇಳಿದ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಹೊಳೆಪಾತ್ರದ ಎಷ್ಟೋ ಊರುಗಳು ನೀರಿನಡಿ ಹೋದದ್ದು ನಿಜ, ನನ್ನ ತವರಿನ ಕಡೆಯ ನೆಂಟರೇ ಎದ್ದು ಬಂದವರು. ಆದರೆ ನಮ್ಮ ಭಾಗದಲ್ಲಿ ಹಳೆಮರ ಮಾರುವ ಪ್ರತಿಯೊಬ್ಬರ ಹತ್ತಿರವೂ ಒಂದು ಮುಳುಗಡೆಯ ಕಥೆ ಇರುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಕಥೆಗೆ ಬೇರೆ ರೇಟು ಇರುತ್ತದೆ.

ಮೊದಲ ವರ್ಷ ತಕರಾರಿಲ್ಲ. ಎರಡನೆಯ ಬೇಸಿಗೆಯಲ್ಲಿ ಹಿಟ್ಟು ಶುರುವಾಯಿತು. ಅತ್ತೆ ಒಂದು ಬೆರಳಿನಲ್ಲಿ ಮುಟ್ಟಿ ನೋಡಿ “ಕುಟ್ಟೆ ಹಿಡಿದಿದೆ” ಎಂದರು, ಅಷ್ಟೆ. ಅಂಗಡಿಗೆ ಫೋನು ಮಾಡಿದರೆ, ಮರ ಎಂದ ಮೇಲೆ ಹುಳು ಇರುತ್ತದೆ ಅಮ್ಮಾ ಎಂಬ ಉತ್ತರ ಬಂತು. ಇಬ್ಬರು ಹುಡುಗರು ಬಂದು ಮೇಲ್ಮೈಗೆ ಏನನ್ನೋ ಸಿಂಪಡಿಸಿ 3,500 ರೂಪಾಯಿ ತೆಗೆದುಕೊಂಡು ಹೋದರು. ಮೂರು ದಿನ ಮನೆಯೆಲ್ಲ ವಾಸನೆ. ನಾಲ್ಕನೆಯ ದಿನ ಮತ್ತೆ ಹಿಟ್ಟು.

ಆಮೇಲೆ ನನ್ನ ದಿನಚರಿಗೆ ಒಂದು ಕೆಲಸ ಸೇರಿತು. ರಾತ್ರಿ ಮಲಗುವ ಮುಂಚೆ ಮಗನ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ಕಪ್ಪು ಚಾರ್ಟ್ ಹಾಳೆಗಳನ್ನು ತೊಲೆಗಳ ಕೆಳಗೆ ನೆಲದ ಮೇಲೆ ಸಾಲಾಗಿ ಹಾಸುತ್ತಿದ್ದೆ. ಬೆಳಿಗ್ಗೆ ಹಾಲು ಕಾಯಲು ಇಟ್ಟು, ಟಾರ್ಚ್ ಹಿಡಿದು ಕುಕ್ಕುರುಗಾಲಿನಲ್ಲಿ ಕೂತು ಒಂದೊಂದು ಹಾಳೆಯನ್ನೂ ನೋಡುವುದು. ಹಿಟ್ಟು ಬಿದ್ದ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿ ತಾರೀಖು ಬರೆಯುವುದು. ಹಾಲು ಎರಡು ಸಲ ಉಕ್ಕಿತು. ಹದಿನೈದು ದಿನದಲ್ಲಿ ಒಂದು ವಿಷಯ ಸ್ಪಷ್ಟವಾಯಿತು: ಸುತ್ತುಗಳೆಲ್ಲ ಆರನೆಯ ಹಾಳೆಯಲ್ಲೇ ಇದ್ದವು. ಉಳಿದ ಐದರ ಮೇಲೆ ಒಂದು ಕಣವೂ ಇರಲಿಲ್ಲ.

ನಮ್ಮ ಅತ್ತೆಯ ಊರಿನ ಆಚಾರಿಯೊಬ್ಬರನ್ನು ಕರೆಸಿದೆ. ಅವರು ಏಣಿ ಹತ್ತಿ, ಬಾಗಿಲು ತಟ್ಟಿದ ಹಾಗೆ ಬೆರಳ ಗೆಣ್ಣಿನಿಂದ ಒಂದೊಂದೇ ತೊಲೆಯನ್ನು ತಟ್ಟುತ್ತ ಬಂದರು. ಆರನೆಯದರ ಹತ್ತಿರ ನಿಂತು, ಸೊಂಟದಿಂದ ಉಳಿ ತೆಗೆದು ಮೂಲೆಯಲ್ಲಿ ಉಗುರಿನಷ್ಟು ಕೆರೆದರು. ಮೇಲಿನ ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು, ಕೆಳಗೆ ಬೆಳ್ಳಗಿನ ಮರ ಕಂಡಿತು. “ಅಕ್ಕಾ, ಐದು ನಿಮ್ಮ ಅತ್ತೆಗಿಂತ ದೊಡ್ಡವು. ಇದು ನಿಮ್ಮ ಮಗನಿಗಿಂತ ಚಿಕ್ಕದು” ಎಂದರು.

ಅವರು ವಿವರಿಸಿದ್ದು ಹೀಗೆ. ಈ ಹುಳು ಹುಡುಕುವುದು ಮರದೊಳಗಿನ ಗಂಜಿಯನ್ನು, ಅಂದರೆ ಪಿಷ್ಟವನ್ನು. ಅದು ಇರುವುದು ಮರದ ಹೊರಸುತ್ತಿನ ಬಿಳಿ ಭಾಗದಲ್ಲಿ. ಒಳಗಿನ ಚೇಗಿನಲ್ಲಿ ಅದಕ್ಕೆ ಊಟವಿಲ್ಲ. ವರ್ಷ ಕಳೆದಂತೆ ಬಿಳಿಭಾಗದ ಗಂಜಿಯೂ ತೀರುತ್ತದೆ. ಅಜ್ಜನ ಕಾಲದ ಚೇಗಿನ ತೊಲೆಯನ್ನು ಈ ಹುಳು ಮೂಸಿಯೂ ನೋಡುವುದಿಲ್ಲ. ಹಲಸಿನ ಮರ ಕೊಯ್ದಾಗ ಹಳದಿ, ಹಳತಾದಂತೆ ಕಾಫಿ ಬಣ್ಣ, ಐದೂ ಅಂಥವೇ. ಆರನೆಯದು ಮಾವಿರಬೇಕು ಎಂಬುದು ಅವರ ಅಂದಾಜು. ಐದೇ ಸಿಕ್ಕಿದ್ದಾಗ ಅಂಗಡಿಯವನು ಲೆಕ್ಕ ತುಂಬಿಸಲು ಹೊಸ ಮರಕ್ಕೆ ಮಸಿ ಬಳಿದಿದ್ದ. ಬಿಲ್ಲು ತೆಗೆದು ನೋಡಿದೆ. ‘ಹಳೆ ಮರ, 6 ನಗ’ ಎಂದಷ್ಟೇ ಇತ್ತು. ಯಾವ ಮರ ಎಂದು ಬರೆಸಿಕೊಳ್ಳದ ತಪ್ಪು ನನ್ನದು. ನೀವು ಬರೆಸಿಕೊಳ್ಳಿ, ಕೊಳ್ಳುವ ಮುಂಚೆಯೇ ತುದಿಯನ್ನು ಗರಗಸದಲ್ಲಿ ಒಂದು ಇಂಚು ಕೊಯ್ಯಿಸಿ ನೋಡಿ. ಕೊಯ್ಯಲು ಒಪ್ಪದಿದ್ದರೆ ಮನೆಗೆ ಹೋಗಿ.

ಸಿಟ್ಟಿನಲ್ಲಿ ಅದನ್ನು ಇಳಿಸಿ ಒಲೆಗೆ ಹಾಕುವವಳಿದ್ದೆ. ಅರವತ್ತು ಕಿಲೋ ಹತ್ತಿರದ ಮರ, ಇಳಿಸಿ ಬೇರೆ ಏರಿಸಲು 19,000 ಆಗುತ್ತದೆ ಎಂದಾಗ ಸಿಟ್ಟು ಇಳಿಯಿತು. ಅತ್ತೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಸು ಎಂದರು. ಹಳೆಯ ಮನೆಗಳಲ್ಲಿ ಅದನ್ನೇ ಬಳಿಯುತ್ತಿದ್ದರು, ಹುಳು ಸುಳಿಯುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಆ ವಾಸನೆಯೂ ಬೇಡವೆನಿಸಿತು. ಕೊನೆಗೆ ಆಚಾರಿ ಮಸಿಯನ್ನೆಲ್ಲ ಕೆರೆದು, ಬಿಳಿಗಾರ (ಬೋರಾಕ್ಸ್) ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಮೂರು ಸಲ ಬಳಿದರು. ಬಣ್ಣದ ಮೇಲೆ ಬಳಿದರೆ ಒಳಗೆ ಇಳಿಯುವುದೇ ಇಲ್ಲವಂತೆ. ಆ ಹುಡುಗರ 3,500ರ ಗತಿಯೂ ತಿಳಿಯಿತು. ಸಾಸಿವೆಗಿಂತ ಚಿಕ್ಕ ತೂತುಗಳಿಗೆ ನಾನೇ ಸಿರಿಂಜಿನಲ್ಲಿ ತುಂಬಿಸಿದೆ. ಒಂದು ಭಾನುವಾರ, 212 ತೂತು. ಮತ್ತೆ ಮಸಿ ಬಳಿಸಲಿಲ್ಲ. ಈಗ ಐದು ಕಂದು ತೊಲೆ, ಒಂದು ಬಿಳಿ. ಬಂದವರು ಇದು ವಿನ್ಯಾಸವೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಇಷ್ಟೆಲ್ಲ ಬೈದು ಮುಗಿಸಿದ ಮೇಲೆ ಹೇಳಬೇಕು, ಈ ಕೋಣೆ ಬಿಟ್ಟು ನಮ್ಮ ಮನೆಯಲ್ಲಿ ಯಾರೂ ಬೇರೆ ಕಡೆ ಕೂರುವುದಿಲ್ಲ. ಎರಡನೆಯ ತೊಲೆಯಲ್ಲಿ ಹಳೆಯ ಮನೆಯ ತೊಟ್ಟಿಲ ಬಳೆಯೊಂದು ಹಾಗೇ ಉಳಿದಿದೆ. ಬೋಲ್ಟಿನ ಮೇಲೆ ನಿಂತ ತೊಲೆಗೆ ಉಯ್ಯಾಲೆ ಕಟ್ಟಬೇಡಿ ಎಂದು ಆಚಾರಿ ಖಡಾಖಂಡಿತವಾಗಿ ಹೇಳಿದ್ದರಿಂದ ಅತ್ತೆ ಅದಕ್ಕೆ ಪುಟ್ಟಬಾಳೆಯ ಗೊನೆ ತೂಗುಹಾಕಿದರು. ಈಗ ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ. ಮಗ ಶಾಲೆಯಿಂದ ಬಂದವನು ಚೀಲ ಎಸೆದು ಕುರ್ಚಿ ಹತ್ತುತ್ತಾನೆ. ಮೇಲಿನ ಚಿಪ್ಪು ಮೊದಲು ಹಣ್ಣಾಗುತ್ತದೆ, ಅದು ಅವನಿಗೆ ಎಟುಕುವುದಿಲ್ಲ. ಆಗ ನನ್ನ ಗಂಡನನ್ನು ಏಳಿಸುತ್ತಾರೆ. ಸಂಜೆ ಅತ್ತೆ ಅದೇ ಗೊನೆಯ ಕೆಳಗೆ ಕಾಲು ನೀಡಿ ಬತ್ತಿ ಹೊಸೆಯುತ್ತಾರೆ. ಫೆಬ್ರುವರಿಯಲ್ಲಿ ಒಣಗಾಳಿ ಶುರುವಾದಾಗ ರಾತ್ರಿ ತೊಲೆ ಒಮ್ಮೊಮ್ಮೆ ‘ಟಪ್’ ಎನ್ನುತ್ತದೆ. ಹಳೆಯ ಮನೆಯಲ್ಲೂ ಹೀಗೇ ಎನ್ನುತ್ತಿತ್ತು ಎಂದು ಅತ್ತೆ ನಿದ್ದೆಗಣ್ಣಿನಲ್ಲೇ ಹೇಳುತ್ತಾರೆ.

ಫ್ಯಾನು, ದೀಪದ ಜಾಗವನ್ನು ತೊಲೆ ಏರಿಸುವ ಮುಂಚೆಯೇ ತೀರ್ಮಾನಿಸಿ. ನಮ್ಮ ಫ್ಯಾನು ಮೊದಲು ಎರಡು ತೊಲೆಗಳ ನಡುವೆ ಸಿಕ್ಕಿಕೊಂಡು ಗಾಳಿಯನ್ನು ತನಗೇ ಬೀಸಿಕೊಳ್ಳುತ್ತಿತ್ತು. ಉದ್ದನೆಯ ರಾಡು ಹಾಕಿಸಿದರೆ ಮೇಲಿನ ಬಲ್ಬಿನ ಬೆಳಕು ರೆಕ್ಕೆಗೆ ಸಿಕ್ಕಿ ಕೋಣೆಯೆಲ್ಲ ಮಿನುಗತೊಡಗಿತು. ಈಗ ದೀಪ ಗೋಡೆಯಲ್ಲಿದೆ, 2700 ಕೆಲ್ವಿನ್‌ನ ಹಳದಿ ಬೆಳಕು. ಬಿಳಿ ಟ್ಯೂಬ್‌ಲೈಟಿನಲ್ಲಿ ಈ ಮರ ಸೌದೆ ಡಿಪೋದಂತೆ ಕಾಣುತ್ತದೆ. ನಮ್ಮ ಸೂರು ಹತ್ತೂವರೆ ಅಡಿ, ತೊಲೆ ಏಳು ಇಂಚು ತಿನ್ನುತ್ತದೆ. ಒಂಬತ್ತು ಅಡಿಯ ಫ್ಲ್ಯಾಟಿನವರು ಈ ಆಸೆ ಬಿಡುವುದು ಒಳ್ಳೆಯದು. ಜೇಡರ ಬಲೆಗೆ ಬಿದಿರ ಗಳುವಿನ ತುದಿಗೆ ಹಿಡಿಸೂಡಿ ಕಟ್ಟಿ ಶನಿವಾರಕ್ಕೊಮ್ಮೆ ಗುಡಿಸಬೇಕು, ಇದಕ್ಕೆ ಬೇರೆ ದಾರಿಯಿಲ್ಲ. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಒರೆಸುತ್ತೇನೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತಬಹುದು. ನೀರಿನ ಬಕೆಟ್ಟಿಗೆ ಹಾಕಿ.

ಮತ್ತೆ ಮಾಡಿಸುತ್ತೀರಾ ಎಂದರೆ, ಮಾಡಿಸುತ್ತೇನೆ, ಆದರೆ ಮೂರೇ ತೊಲೆ. ಅಂಕ ಎಷ್ಟು ಎಂದರೆ ಆರಕ್ಕೆ ಐದು.

ಈ ಮೇ ತಿಂಗಳೂ ಕಪ್ಪು ಹಾಳೆ ಹಾಸಿದ್ದೆ. ಮೂರು ವಾರ ಏನೂ ಇರಲಿಲ್ಲ. ನಾಲ್ಕನೆಯ ವಾರ ಆರನೆಯ ಹಾಳೆಯ ಮೇಲೆ ಒಂದು ಚಿಟಿಕೆ. ತಿಳಿಹಳದಿಯಲ್ಲ, ಮಾಸಿದ ಕಂದು. ಹಳೆಯ ಬಿಲದಲ್ಲಿ ಉಳಿದದ್ದು ಉದುರಿರಬೇಕು ಎಂದು ಆಚಾರಿ ಫೋನಿನಲ್ಲೇ ಹೇಳಿದರು. ಇರಬಹುದು. ಸುತ್ತು ಹಾಕಿ ತಾರೀಖು ಬರೆದಿದ್ದೇನೆ. ಸೋಫಾದ ಎಡತುದಿಯಲ್ಲಿ ಕಾಫಿಗೆ ಇನ್ನೂ ಅನುಮತಿ ಕೊಟ್ಟಿಲ್ಲ.