ಫ್ರಿಜ್ಜಿನಲ್ಲಿ ಮಲಗಿ ಎದ್ದ ವೀನಸ್ ಫ್ಲೈಟ್ರ್ಯಾಪ್

ಹುಳ ಹಿಡಿದು ತಿನ್ನುವ ಈ ಗಿಡಕ್ಕೆ ಐದಕ್ಕೆ ಐದು ಅಂಕ. ಜೊತೆಗೆ ಬಂದ ಆರೈಕೆಯ ಚೀಟಿಗೆ ಒಂದೇ ಒಂದು. ಹತ್ತು ತಿಂಗಳು ಸಾಕಿ ನೋಡಿ ಬರೆಯುತ್ತಿದ್ದೇನೆ.

ಕಳೆದ ಜುಲೈನಲ್ಲಿ ಆನ್‌ಲೈನ್ ನರ್ಸರಿಯೊಂದರಿಂದ 650 ರೂಪಾಯಿಗೆ ತರಿಸಿದೆ. ಚಿತ್ರದುರ್ಗ ತಲುಪಲು ಐದು ದಿನ ಹಿಡಿದರೂ ಒದ್ದೆ ಪಾಚಿಯಲ್ಲಿ ಸುತ್ತಿದ್ದ ಬೇರು ಬಾಡಿರಲಿಲ್ಲ, ಎಲೆ ತುದಿಯ ಏಳು ಬಲೆಗಳಲ್ಲಿ ಒಂದೂ ಮುರಿದಿರಲಿಲ್ಲ. ಬಲೆಯ ಎರಡೂ ಮಗ್ಗುಲಿಗೆ ಮೂರು ಮೂರು ಸಣ್ಣ ಕೂದಲು. ಒಮ್ಮೆ ತಾಗಿದರೆ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಮತ್ತೆ ತಾಗಿದರೆ ಮುಚ್ಚಿಕೊಳ್ಳುತ್ತದೆ. ಮಗಳು ಗಡಿಯಾರ ಹಿಡಿದು ಎಣಿಸಿದಳು.

ಚೀಟಿಯಲ್ಲಿ ದಿನವೂ ನಲ್ಲಿ ನೀರು, ತಿಂಗಳಿಗೊಮ್ಮೆ ಗೊಬ್ಬರ ಎಂದಿತ್ತು. ಎರಡೂ ತಪ್ಪು. ಇದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಸಾರವಿಲ್ಲದ ಜೌಗು ನೆಲ. ಮಣ್ಣಿನಲ್ಲಿ ಸಿಗದ ಸಾರಜನಕಕ್ಕಾಗಿಯೇ ಹುಳ ಹಿಡಿಯುವ ಗಿಡಕ್ಕೆ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಲವಣ ತುಂಬಿದ ನೀರೂ ಇದಕ್ಕೆ ಆಗದು. ನಮ್ಮ ಕೊಳವೆಬಾವಿಯ ನೀರಂತೂ ಕೊಡದೊಳಗೆ ಬಿಳಿ ಪೊರೆ ಕಟ್ಟುವಂಥದ್ದು. ಹಾಗಾಗಿ ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟೆ.

ಚಳಿಗಾಲದ ಬಗ್ಗೆ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ನವೆಂಬರ್ ಕೊನೆಗೆ ಎಲೆಗಳು ಒಂದೊಂದಾಗಿ ಕಪ್ಪಾದವು. ನರ್ಸರಿಗೆ ಫೋನ್ ಮಾಡಿದರೆ, "ಸತ್ತಿದೆ ಮೇಡಂ, ಬೇರೆ ತರಿಸಿಕೊಳ್ಳಿ" ಎಂದರು. ಇಂಥ ಗಿಡಗಳನ್ನು ಬೆಳೆಸುವ ಶಿವಮೊಗ್ಗದ ಗೆಳತಿ ಮಾತ್ರ, "ಬುಡ ಒತ್ತಿ ನೋಡು" ಎಂದಳು. ಒತ್ತಿದೆ. ಗಟ್ಟಿಯಾಗಿತ್ತು. ಗಿಡ ನಿದ್ದೆಗೆ ಜಾರುತ್ತಿತ್ತು, ಅಷ್ಟೆ. ತವರಿನಲ್ಲಿ ಮೂರು ನಾಲ್ಕು ತಿಂಗಳು ಚಳಿಯಲ್ಲಿ ಮಲಗಿ ಏಳುವ ಜೀವ ಅದು. ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಗೆ ಇಲ್ಲಿ ನಾವು ಬೆಳಿಗ್ಗೆ ಸ್ವೆಟರ್ ಹಾಕಿಕೊಂಡರೂ ಮಧ್ಯಾಹ್ನದ ಬಿಸಿಲು ಅದನ್ನು ಮಲಗಗೊಡುವುದಿಲ್ಲ. ಹೀಗೆ ನಿದ್ದೆಗೆಟ್ಟ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಡಿಸೆಂಬರ್ ಮಧ್ಯದಲ್ಲಿ ಗಿಡ ಕಿತ್ತು, ಕಪ್ಪು ಎಲೆ ಕತ್ತರಿಸಿ, ನೀರು ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಫ್ರೀಜರಿನಲ್ಲಿ ಅಲ್ಲ, ನಾಲ್ಕೈದು ಡಿಗ್ರಿ ಸಾಕು. "ಇದೇನೇ, ಮೊಸರಿನ ಪಕ್ಕ ಹುಲ್ಲಿನ ಬೇರು?" ಎಂದು ಕೇಳಿದ ಅತ್ತೆ, ವಿಷಯ ತಿಳಿದ ಮೇಲೆ ಪ್ರತಿ ಭಾನುವಾರ ಚೀಲ ಬಿಚ್ಚಿ ನೋಡುವ ಕೆಲಸವನ್ನು ತಾವೇ ವಹಿಸಿಕೊಂಡರು. ಜನವರಿಯಲ್ಲಿ ಬೂಷ್ಟು ಕಂಡದ್ದೂ ಅವರ ಕಣ್ಣಿಗೇ: ಒಂದು ಎಲೆಯ ಬುಡದಲ್ಲಿ ಜೇಡರ ಬಲೆಯಂತೆ ಬೂದು ಎಳೆಗಳು. ಅಷ್ಟು ಭಾಗ ಕತ್ತರಿಸಿ ಪಾಚಿ ಬದಲಿಸಿದೆವು. ಗೆಡ್ಡೆ ಬೆಳ್ಳುಳ್ಳಿಯ ಎಸಳಿನಂತೆ ಬೆಳ್ಳಗೆ, ಗಟ್ಟಿಯಾಗಿ ಉಳಿದಿತ್ತು. ನಡುವೆ ಅಕ್ಕಿಕಾಳಿನಷ್ಟು ಹಸಿರು ಮೊಳಕೆ. ಇಬ್ಬರೂ ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತೆವೋ, ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು.

ಫೆಬ್ರವರಿ ಕೊನೆಗೆ ಕುಂಡಕ್ಕೆ ಮರಳಿಸಿ, ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಎಳೆಬಿಸಿಲಿಗೆ ಇಟ್ಟೆ. ಯುಗಾದಿಯ ಹೊತ್ತಿಗೆ ಮೊದಲ ಎಲೆ ಬಿಚ್ಚಿತು. ಈಗ ಮೇ ತಿಂಗಳು, ಒಂಬತ್ತು ಬಲೆಗಳಿವೆ.

ಇಷ್ಟು ಆರೋಗ್ಯವಾದ ಗಿಡ ಕಳಿಸುವ ಇವರಿಂದಲೇ ಮತ್ತೊಂದನ್ನು ತರಿಸುತ್ತೇನೆ. ಆದರೆ ನರ್ಸರಿಯವರೇ, ಆ ಚೀಟಿಯನ್ನು ಬದಲಿಸಿ. ಸತ್ತಿದೆ ಎನ್ನುವ ಮೊದಲು ಬುಡ ಒತ್ತಿ ನೋಡಲು ಹೇಳಿ. ನಿಮ್ಮ ಮಾತು ನಂಬಿ ಎಷ್ಟು ಜನ ಜೀವವಿದ್ದ ಗೆಡ್ಡೆಯನ್ನು ಕಸಕ್ಕೆ ಹಾಕಿದ್ದಾರೋ.