ಉಪ್ಪು, ಅಯೋಡಿನ್, ಕಬ್ಬಿಣ: ಸಮೀಕ್ಷೆಗೆ ಯಾವ ವಿಧಾನ?

ಜನ ಎಷ್ಟು ಉಪ್ಪು ತಿನ್ನುತ್ತಾರೆ ಎಂದು ತಿಳಿಯಬೇಕಿದ್ದರೆ 24 ಗಂಟೆಗಳ ಮೂತ್ರ ಸಂಗ್ರಹವನ್ನೇ ಆರಿಸಿ. ತಿಂದ ಸೋಡಿಯಂನಲ್ಲಿ ಸುಮಾರು ಶೇ. 90 ಮೂತ್ರದಲ್ಲೇ ಹೊರಬೀಳುತ್ತದೆ. ‘ನಿನ್ನೆ ಏನು ತಿಂದಿರಿ’ ಎಂಬ ಸಂದರ್ಶನದಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಹಾಕಿದ ಚಿಟಿಕೆ ಉಪ್ಪು ಲೆಕ್ಕ ತಪ್ಪುತ್ತವೆ. ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನದ ಮೊದಲನೆಯದೂ ಸೇರಿದಂತೆ ಎಲ್ಲವನ್ನೂ ಕ್ಯಾನಿನಲ್ಲಿ ಹಿಡಿಯಬೇಕು. ಹೊಲದಲ್ಲೋ ಆಫೀಸಿನಲ್ಲೋ ಒಂದು ಸಲ ತಪ್ಪಿದರೂ ಅಂಕಿ ಇಳಿಯುತ್ತದೆ. ಹಾಗಾಗಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರದಲ್ಲಿ ಹೊರಬೀಳುವ ಕ್ರಿಯಾಟಿನಿನ್ ಕೂಡ ಅಳೆಯಿರಿ; ಅದು ತೀರಾ ಕಡಿಮೆಯಿದ್ದರೆ ಸಂಗ್ರಹ ಪೂರ್ತಿಯಾಗಿಲ್ಲ ಎಂದು ಅನುಮಾನಿಸಬಹುದು. ಸೋಡಿಯಂ ಗ್ರಾಮನ್ನು 2.54ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಅದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು.

ಅಯೋಡಿನ್‌ಗೆ ಇಷ್ಟು ಶ್ರಮ ಬೇಡ. ಶಾಲಾ ಮಕ್ಕಳಿಂದ ಮೂತ್ರದ ಒಂದೊಂದು ಬಿಡಿ ಮಾದರಿ ಸಾಕು. ಅಯೋಡಿನ್ ಅಂಕಿಗಳ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಇದ್ದರೆ ಸೇವನೆ ಸರಿಯಿದೆ. ಆದರೆ ಒಂದೇ ಮಾದರಿ ನೋಡಿ ಯಾವ ಮಗುವಿಗೂ ಕೊರತೆಯ ಹಣೆಪಟ್ಟಿ ಹಚ್ಚಬೇಡಿ, ದಿನದಿಂದ ದಿನಕ್ಕೆ ಏರಿಳಿತ ದೊಡ್ಡದು.

ಕಬ್ಬಿಣ, ಸತುವಿನ ಸೇವನೆ ತಿಳಿಯಲು ಮೂತ್ರ ನಂಬುವಂತಿಲ್ಲ. ಇಲ್ಲಿ ಸಂದರ್ಶನದ ಜೊತೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕವೇ ಗತಿ. ಸೆಲೆನಿಯಂ ಮಣ್ಣಿನಿಂದ ಮಣ್ಣಿಗೆ ಬದಲಾಗುವುದರಿಂದ ಕೋಷ್ಟಕ ಕೈಕೊಡುತ್ತದೆ; ತಿಂದಷ್ಟೇ ಊಟದ ಇನ್ನೊಂದು ಪಾಲನ್ನೇ ಪ್ರಯೋಗಾಲಯಕ್ಕೆ ಕಳಿಸಿ. ದುಬಾರಿ, ಆದರೂ ಕೆಲವೇ ಮನೆಗಳಲ್ಲಾದರೂ ಮಾಡಿ.